ಲಾಜಿನ ಫೋನು ನಮ್ಮನೆಯಲ್ಲಿ

ಸುವರ್ಣಾ: ಮತ್ತ ಪುಣೇದವ್ರರಿ. ಲಾಜಿನ ರೂಮಿನ್ಯಾಗಿಂದ ಮೊಸಳಿ ಕಾಣ್ತಾವೇನ್ರಿ ಅಂತ ಕೇಳಿದ್ರು. ಮುಂಜಾನಿಂದ ಇದು ಏಳನೇ ಫೋನು.

ಶಿವಯೋಗಿ: ನೀ ಏನಂದಿ?

ಸುವರ್ಣಾ: ಹೊಳ್ಯಾಗ ಕಾಣ್ತಾವ, ರೂಮಿಗೆ ಬರೂದಿಲ್ಲ, ನೀವು ಬರ್ರಿ, ಜಾಗಾ ಐತಿ ಅಂದೆ.

ಶಿವಯೋಗಿ: ಜಾಗಾ ಐತೋ ಇಲ್ಲೋ ನಿನಗ ಹೆಂಗ ಗೊತ್ತು?

ಸುವರ್ಣಾ: ಲಾಜ್ ಅಂದಮ್ಯಾಲ ಇರ್ತೇತಿ.

ಅದು ೨೦೦೪ರ ಮಾತು. ದಾಂಡೇಲಿಯ ತನ್ನ ಮನೆಯ ಪಡಸಾಲೆಗೆ ‘ವೆಬ್ ಡಿಸೈನ್’ ಎಂಬ ಬೋರ್ಡು ಹಾಕಿ ಶಿವಯೋಗಿಗೆ ಎರಡು ತಿಂಗಳಾಗಿತ್ತು. ಹುಬ್ಬಳ್ಳಿಯಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ ಬಂದವನಿಗೆ ಸಿಕ್ಕ ಮೊದಲ ಗಿರಾಕಿ ಜೋಯಿಡಾ ರಸ್ತೆಯ ಲಾಜಿನ ಮಾಲೀಕ ಗೂಳಪ್ಪ. ಅವರ ವೆಬ್‌ಸೈಟಿಗೆ ಶಿವಯೋಗಿ ಮಹಾಶಯ ಪರೀಕ್ಷೆಗೆಂದು ತನ್ನ ಮನೆಯ ಫೋನ್ ನಂಬರು ಹಾಕಿ, ತೆಗೆಯುವುದನ್ನು ಮರೆತು, ವಾರದ ಹಿಂದೆ ಹಾಗೆಯೇ ಇಂಟರ್‌ನೆಟ್ಟಿಗೆ ಬಿಟ್ಟಿದ್ದ. ಅಂದಿನಿಂದ ಲಾಜಿನ ಫೋನುಗಳನ್ನೆಲ್ಲ ಅವನ ಹೆಂಡತಿ ಸುವರ್ಣಾಳೇ ಎತ್ತುತ್ತಿದ್ದಳು. ಹನ್ನೊಂದಕ್ಕೆ ಬರುತ್ತೇನೆಂದು ಗೂಳಪ್ಪ ಹೇಳಿ ಕಳಿಸಿದ್ದರು. ಅಷ್ಟರೊಳಗೆ ನಂಬರು ಬದಲಾಗದಿದ್ದರೆ ಇರುವ ಒಬ್ಬ ಗಿರಾಕಿಯೂ ಕೈತಪ್ಪುವುದು ಖಂಡಿತವಿತ್ತು.

ಸುವರ್ಣಾ: ಒಂದು ನಂಬರ ಬದಲಿ ಮಾಡಾಕ ಎರಡ ತಾಸು ಬೇಕೇನ್ರಿ?

ಶಿವಯೋಗಿ: ಯಾವ ಫೈಲಿನ್ಯಾಗ ಐತಿ ಅಂತ ಹುಡುಕಾಕ ಹಚ್ಚೇನಿ. ಎಲ್ಲೂ ಇಲ್ಲ ಅಂತೈತಿ.

ಸುವರ್ಣಾ: ಎಲ್ಲೂ ಇಲ್ಲದ ನಂಬರ ಪುಣೇದವ್ರಿಗೆ ಹೆಂಗ ಸಿಕ್ತು?

ಶಿವಯೋಗಿ: ಅದ ನನಗೂ ತಿಳಿವಲ್ದು. ಸಾಫ್ಟ್‌ವೇರ್ ಕೆಟ್ಟಿರಬೇಕು.

ಸುವರ್ಣಾ: ಲಗ್ನಪತ್ರಿಕಿಯೊಳಗ ಬರದಂಗ ಮೂರಂಕಿ ಆದಮ್ಯಾಲ ನಡುವ ಜಾಗಾ ಬಿಟ್ಟೀರೇನು?

ಶಿವಯೋಗಿ: ಚಂದ ಕಾಣ್ಲಿ ಅಂತ ಬಿಟ್ಟೇನಿ.

ಸುವರ್ಣಾ: ಹುಡುಕೂ ಮುಂದೂ ಹಂಗ ಬಿಟ್ಟೀರೇನು?

ಶಿವಯೋಗಿ ಕೀಲಿಮಣೆಗೆ ತಿರುಗಿದ. ನಡುವೆ ಜಾಗ ಬಿಟ್ಟು ನಂಬರು ಒತ್ತಿದ. ಪರದೆಯ ತುಂಬ ಫೈಲುಗಳ ಹೆಸರು ಸಾಲುಗಟ್ಟಿದವು, ಒಟ್ಟು ಅರವತ್ತನಾಲ್ಕು.

ಸುವರ್ಣಾ: ನಾಕ ಪುಟದ ವೆಬ್‌ಸೈಟಿಗೆ ಅರವತ್ನಾಕ ಫೈಲ್ ಹೆಂಗಾದ್ವು?

ಶಿವಯೋಗಿ: ಕೆಟ್ರ ಇರಲಿ ಅಂತ ಕಾಪಿ ಇಟ್ಟೇನಿ. ಇದು ‘ಹೊಸಾದು’, ಇದು ‘ಭಾಳ ಹೊಸಾದು’, ಇದು ‘ಕಡೀದು’, ಇದು ‘ಖರೇನ ಕಡೀದು’.

ಸುವರ್ಣಾ: ಇದ್ರಾಗ ಇಂಟರ್‌ನೆಟ್ಟಿಗೆ ಬಿಟ್ಟಿದ್ದು ಯಾವುದು?

ಶಿವಯೋಗಿ: ಅದನ್ನ ಹುಡುಕಬೇಕು.

ಮುಂಜಾನೆಯಿಂದ ಸಾಫ್ಟ್‌ವೇರಿಗೆ ಬೈದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಅದು ಪಾಪ, ಕೇಳಿದ್ದನ್ನು ಕೇಳಿದ ಹಾಗೆಯೇ ಹುಡುಕಿತ್ತು. ಕೇಳಿದವನೇ ಪೆದ್ದ. ಅರವತ್ತನಾಲ್ಕು ಕಡೆಯೂ ಬದಲಿಸಿಬಿಡೋಣ ಎಂದು ಅವನು ಮೌಸ್ ಹಿಡಿದ ಹೊತ್ತಿಗೆ ಗೂಳಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು.

ಶಿವಯೋಗಿ: ಸಾವ್ಕಾರ್ರ, ತಪ್ಪಾಗೇತ್ರಿ. ಐದ ನಿಮಿಷದಾಗ ನಿಮ್ಮ ನಂಬರ ಹಾಕ್ತೇನಿ.

ಗೂಳಪ್ಪ: ಬ್ಯಾಡ, ಕೈ ತಗೀರಿ. ನನ್ನ ಎಂಟೂ ರೂಮು ತುಂಬ್ಯಾವ. ಬಂದವ್ರೆಲ್ಲಾ, ಫೋನಿನ್ಯಾಗ ಮರಾಠಿ ಮಾತಾಡಿದ ಅಕ್ಕಾರು ಎಲ್ಲಿ ಅಂತ ಕೇಳಾಕತ್ತಾರ. ಮೊದಲ ನಾ ಕನ್ನಡದಾಗ ಮಾತಾಡಿದ್ರ ಫೋನ್ ಇಟ್ಟಬಿಡ್ತಿದ್ರು.

ಸುವರ್ಣಾ: ನನ್ನ ತವರಮನಿ ಬೆಳಗಾವಿ ಐತಲ್ರಿ, ಮರಾಠಿ ಬರತೇತಿ.

ಗೂಳಪ್ಪ: ಇನ್ನ ಮ್ಯಾಲೂ ಫೋನು ನೀವ ಎತ್ರಿ ತಂಗಿ. ಪಗಾರ ಕೊಡ್ತೇನಿ.

ಸುವರ್ಣಾ: ಆತ್ರಿ. ಆದ್ರ ಅಡಗಿ ಇವ್ರು ಮಾಡಬೇಕು.

ಅಷ್ಟರಲ್ಲಿ ಎಂಟನೇ ಫೋನು ಬಂತು. ಸುವರ್ಣಾ ರಿಸೀವರ್ ಎತ್ತಿ ಮರಾಠಿ ಶುರು ಮಾಡಿದಳು. ಗಿರಾಕಿ ಉಳಿದನಲ್ಲ ಎಂಬ ಸಮಾಧಾನದಲ್ಲಿ ಶಿವಯೋಗಿ ಅಡುಗೆಮನೆಗೆ ಹೋದ. ಎರಡು ನಿಮಿಷಕ್ಕೆಲ್ಲ ಬಾಗಿಲಲ್ಲಿ ಅವನ ತಲೆ ಕಾಣಿಸಿತು.

ಶಿವಯೋಗಿ: ಸಾಸಿವಿ ಡಬ್ಬಿ ಎಲ್ಲೈತಿ?

ಸುವರ್ಣಾ (ರಿಸೀವರಿಗೆ ಕೈ ಅಡ್ಡ ಹಿಡಿದು): ಹುಡುಕ್ರಿ. ನಾ ಏನೂ ಕಾಪಿ ಇಟ್ಟಿಲ್ಲ, ಒಂದ ಐತಿ.