ಸೆರಗಿನ ಮೇಲೆ ಕಾಡು ಹೆಂಗಸಿನ ಹೆಜ್ಜೆ

ಬೇಲೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಊರಿಗೆಲ್ಲ ನಾನು ‘ಟೈಲರಮ್ಮ’. ಇದೇ ಕೆಲಸವನ್ನು ಹಾಸನದಲ್ಲಿ ಎ.ಸಿ. ಹಾಕಿಕೊಂಡು ಮಾಡುವವಳು ‘ಡಿಸೈನರ್’! ನನ್ನ ಹೊಟ್ಟೆಯುರಿ ಇರುವುದೇ ಅಲ್ಲಿ.

ಒಂದು ಹೊಸ ಡಿಸೈನು ಸಿಕ್ಕರೆ ನಾನೂ ಡಿಸೈನರ್ ಆಗುತ್ತೇನೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಮ್ಮೂರಿನಲ್ಲಿ ಬ್ಲೌಸಿನ ಬೆನ್ನಿಗೆ ಶಿಲಾಬಾಲಿಕೆ ಬಿಟ್ಟು ಬೇರೇನೂ ಕೇಳುವವರಿಲ್ಲ. ಕನ್ನಡಿ ಹಿಡಿದ ಆ ಸುಂದರಿಯನ್ನು ಎಷ್ಟು ಬೆನ್ನುಗಳ ಮೇಲೆ ನಿಲ್ಲಿಸಿದ್ದೇನೋ ದೇವರಿಗೇ ಗೊತ್ತು.

ಒಂದು ಮಧ್ಯಾಹ್ನ ಫೋನಿನಲ್ಲಿ ಸ್ಲೊವೇನಿಯಾ ಎಂಬ ದೇಶದ ಬಟ್ಟೆಗಳು ಕಂಡವು. ಅಲ್ಲಿನ ಜನಪದ ಕಥೆಗಳ ಕಾಡು ಹೆಂಗಸರನ್ನು ನೋಡಿ ಮಾಡಿದ ಡಿಸೈನುಗಳಂತೆ. ಆ ಹೆಂಗಸರಿಗೆ ಗುಹೆಯಲ್ಲಿ ವಾಸ, ಹಿಮ್ಮಡಿ ಮುಟ್ಟುವ ಕೂದಲು. ಯಾವಾಗ ಬಿತ್ತಬೇಕೆಂದು ರೈತರಿಗೇ ಹೇಳಿಕೊಡುವಷ್ಟು ಬುದ್ಧಿವಂತರು. ಕೆಲವರಿಗೆ ಪಾದ ಹಿಂದುಮುಂದು. ಅವರಲ್ಲೊಬ್ಬಳು ಒಬ್ಬ ರೈತನನ್ನು ಮದುವೆಯಾದಳಂತೆ. ತನ್ನನ್ನು ಎಂದೂ ‘ಕಾಡು ಹೆಂಗಸು’ ಅನ್ನಬಾರದು, ಅಷ್ಟೇ ಷರತ್ತು. ಒಂದು ದಿನ ಅವನು ಸಿಟ್ಟಿನಲ್ಲಿ ಅಂದೇಬಿಟ್ಟ. ಅವಳು ಆ ಕ್ಷಣವೇ ಎದ್ದು ಹೊರಟುಹೋದಳು! ಓದಿ ನನಗೆ ಮೈ ಜುಮ್ಮೆಂದಿತು.

ಅದೇ ಹೊತ್ತಿಗೆ ನನ್ನ ನಾದಿನಿಯ ಮಗಳು ಕಾವ್ಯಳಿಗೆ ಅರಸೀಕೆರೆಯ ಕೊಬ್ಬರಿ ವ್ಯಾಪಾರದವರ ಮನೆಯ ಸಂಬಂಧ ಗೊತ್ತಾಯಿತು. ಆ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಮೂವರಿದ್ದರು. ಕಾವ್ಯ ಗಂಡನ ಮನೆಯ ಹೊಸ್ತಿಲು ದಾಟುವಾಗ ಉಡುವ ಸೀರೆ ಗೆದ್ದರೆ ನಾನು ಡಿಸೈನರ್. ಸೋತರೆ ಸಾಯುವವರೆಗೂ ಟೈಲರಮ್ಮ.

“ಅತ್ತೆ, ನವಿಲು, ಕಮಲ ಎಲ್ಲಾ ಬೇಡ. ಯಾರ ಹತ್ರಾನೂ ಇಲ್ದೇ ಇರೋದು ಮಾಡ್ಕೊಡಿ” ಎಂದಳು ಕಾವ್ಯ.

ಯಾರ ಹತ್ತಿರವೂ ಇಲ್ಲದ್ದು ಯಾಕೆ ಇಲ್ಲ ಎಂದು ನಾನು ಯೋಚಿಸಲಿಲ್ಲ.

ಒಂದೂವರೆ ತಿಂಗಳು ಬೆನ್ನು ಬಗ್ಗಿಸಿ ಹಸಿರು ರೇಷ್ಮೆಯ ಸೆರಗಿನ ತುಂಬ ಜರಿ ದಾರದಲ್ಲಿ ಆ ಕಾಡು ಹೆಂಗಸಿನ ಹೆಜ್ಜೆ ಕಸೂತಿ ಹಾಕಿದೆ. ಹೆಜ್ಜೆಗಳು ಹೆಗಲಿನಿಂದ ಇಳಿದು ಸೆರಗಿನ ತುದಿಯತ್ತ ಹೋಗುತ್ತಿದ್ದವು. ಸ್ಕೂಲಿನಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರು ಕಾಫಿ ಲೋಟ ಹಿಡಿದುಕೊಂಡು ಬಗ್ಗಿ ನೋಡಿದರು.

“ಏನೇ, ಹೆಜ್ಜೆ ಹಿಂದಕ್ಕೆ ಹೋಗ್ತಿದೆಯಲ್ಲ?”

“ಅದೇ ಡಿಸೈನು ಕಣ್ರೀ! ನಿಮಗೆ ಇದೆಲ್ಲ ತಿಳಿಯಲ್ಲ.”

ತಿಳಿಯದೆ ಇದ್ದದ್ದು ಯಾರಿಗೆ ಎಂಬುದು ಅರಸೀಕೆರೆಯಲ್ಲಿ ತೀರ್ಮಾನವಾಯಿತು.

ಬೀಗಿತ್ತಿ ಹೊಸ್ತಿಲಿನಿಂದ ದೇವರ ಮನೆಯವರೆಗೆ ರಂಗೋಲಿಯಲ್ಲಿ ಲಕ್ಷ್ಮಿಯ ಪುಟ್ಟ ಪಾದಗಳನ್ನು ಬಿಡಿಸಿದ್ದರು. ಕಾವ್ಯ ಬಲಗಾಲಿನಿಂದ ಅಕ್ಕಿಯ ಸೇರು ಒದ್ದು ಒಳಗೆ ಹೋದಳು. ಬಾಗಿಲಲ್ಲಿದ್ದ ಹೆಂಗಸರಿಗೆಲ್ಲ ಅವಳ ಬೆನ್ನು, ಬೆನ್ನ ಮೇಲಿನ ಸೆರಗು ಕಂಡಿತು. ನೆಲದ ಮೇಲೆ ಪಾದಗಳು ಒಳಕ್ಕೆ, ಸೆರಗಿನ ಮೇಲೆ ಪಾದಗಳು ಹೊರಕ್ಕೆ!

“ಅಯ್ಯೋ ಶಿವನೇ! ಲಕ್ಷ್ಮಿ ಆಚೆಗೆ ಹೊಂಟವ್ಳಲ್ಲೇ!” ಎಂದು ಒಬ್ಬ ಅಜ್ಜಿ ಕೂಗಿಕೊಂಡರು. ವಾಲಗ ನಿಂತಿತು.

ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಆದರೆ ವಿವರಣೆ ಕೊಡುವುದು ಡಿಸೈನರ್ ಆದವಳ ಕರ್ತವ್ಯ!

“ಗಾಬರಿಯಾಗ್ಬೇಡಿ! ಅದು ಲಕ್ಷ್ಮಿ ಪಾದ ಅಲ್ವೇ ಅಲ್ಲ. ಕಾಡಲ್ಲಿರೋ ಹೆಂಗಸರದ್ದು. ಕೂದಲು ಬಿಚ್ಕೊಂಡು ಓಡಾಡ್ತಾರೆ. ಅವರಿಗೆ ಪಾದ ಹಿಂದುಮುಂದು!”

ಕೂದಲು ಬಿಚ್ಚಿಕೊಂಡು, ಪಾದ ಹಿಂದುಮುಂದಾಗಿ ಓಡಾಡುವುದು ಯಾರು ಎಂದು ನಮ್ಮ ಕಡೆ ಮೂರು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಫಾರಿನ್ನಿನದು ಎಂಬ ಸಂಭ್ರಮದಲ್ಲಿ ಮರೆತಿದ್ದೆ, ಅಷ್ಟೆ.

“ದೆವ್ವದ ಕಾಲಂತೆ!” ಎಂಬ ಸುದ್ದಿ ಅಡುಗೆಯವರ ತನಕ ಮುಟ್ಟಿತು.

ಬೀಗಿತ್ತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ಯಾರವ್ವಾ ಈ ಸೀರೆ ಮಾಡಿದ್ದು?” ಎಂದು ಮೆಲ್ಲಗೆ ಕೇಳಿದರು.

“ನಮ್ಮತ್ತೆ. ಅವರು ಡಿಸೈನರ್” ಎಂದಳು ಕಾವ್ಯ, ತಲೆ ತಗ್ಗಿಸಿಕೊಂಡು.

ನನ್ನನ್ನು ಒಬ್ಬರು ಡಿಸೈನರ್ ಎಂದು ಕರೆದದ್ದು ಅದೇ ಮೊದಲು. ಕೊನೆಯೂ ಅದೇ.

ಕಾವ್ಯಳಿಗೆ ಬೀಗಿತ್ತಿಯ ಹಳೆಯ ಸೀರೆ ಉಡಿಸಿ, ಹೊಸ್ತಿಲಿನಾಚೆ ನಿಲ್ಲಿಸಿ, ಹೊಸದಾಗಿ ಸೇರು ತುಂಬಿ, ಮತ್ತೊಮ್ಮೆ ಒಳಗೆ ಕರೆದುಕೊಂಡರು. ಎರಡನೆಯ ಸಲ ಹುಡುಗಿ ಅಳುತ್ತಲೇ ಸೇರು ಒದ್ದಳು. ನನಗೆ ‘ಡಿಸೈನರ್’ ಎಂಬ ಬೋರ್ಡು ಬೇಕಿತ್ತು, ಅದಕ್ಕೆ ಅವಳು ಅತ್ತಳು. ಇದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಆ ಮನೆಯ ಮೂವರು ಹೆಣ್ಣುಮಕ್ಕಳ ಬಟ್ಟೆ ಹಾಸನಕ್ಕೆ ಹೋಯಿತು. ಎ.ಸಿ. ಅಂಗಡಿಗೆ!

ವಾಪಸು ಬರುವ ಬಸ್ಸು ಹಳೇಬೀಡಿನಲ್ಲಿ ನಿಂತಾಗ ಯಜಮಾನರು ನನ್ನ ಕಡೆ ತಿರುಗಿದರು.

“ತಂಗಿಗೆ ನಾನು ಹೆಂಗೆ ಮುಖ ತೋರಿಸ್ಲೇ? ನೀನು ಹೆಂಗಸಲ್ಲ ಕಣೇ, ಕಾಡು ಹೆಂಗಸು!”

ಅಂದೇಬಿಟ್ಟರು! ಕಥೆಯ ಹೆಂಗಸು ಇದೇ ಮಾತಿಗೆ ಎದ್ದು ಹೋಗಿದ್ದಳು. ಬಸ್ಸು ನಿಂತಿತ್ತು, ಬಾಗಿಲು ತೆರೆದಿತ್ತು, ನನ್ನ ಕಾಲುಗಳೂ ನೆಟ್ಟಗೇ ಇದ್ದವು. ಒಂದು ಕ್ಷಣ ನಿಜವಾಗಿಯೂ ಇಳಿದುಬಿಡಲೇ ಅನ್ನಿಸಿತು.

ನಾನು ಏಳಲಿಲ್ಲ. ಮದುವೆಯ ಕಾಲ, ಬಸ್ಸು ತುಂಬಿ ತುಳುಕುತ್ತಿತ್ತು. ಎದ್ದಿದ್ದರೆ ಸೀಟು ಹೋಗುತ್ತಿತ್ತು!