ಒಂದೇ ಅಂಗಡಿಯ ಊರು

ನನಗೆ ಐರ್ಲೆಂಡ್ ದೇಶದ ಮೇಲೆ ಯಾವ ಹಗೆಯೂ ಇರಲಿಲ್ಲ. ಈಗ ಇದೆ. ಇಡೀ ದೇಶದ ಮೇಲಲ್ಲ, ಅದರ ಕರಾವಳಿಯ ಹತ್ತಿರದ ಒಂದು ಹಳ್ಳಿಯ ಮೇಲೆ. ಅಲ್ಲಿ ಡಾಕ್ಟರಾಗಿರುವ ನನ್ನ ತಮ್ಮ ರಘು ಬೇಸಿಗೆಯೆಲ್ಲ ಅಮ್ಮನನ್ನು ತನ್ನ ಹತ್ತಿರ ಇಟ್ಟುಕೊಂಡು, ಚೆನ್ನಾಗಿ ತಲೆ ಕೆಡಿಸಿ, ಆಮೇಲೆ ಅಮೆರಿಕದ ಟ್ರಾಯ್‌ನಲ್ಲಿರುವ ನಮ್ಮ ಮನೆಗೆ ಕಳಿಸಿದ. ಬಂದಿಳಿದ ದಿನದಿಂದ ಅಮ್ಮನ ಬಾಯಲ್ಲಿ ಒಂದೇ ಮಂತ್ರ: "ಅಲ್ಲಿ ಹಂಗಲ್ಲಪ್ಪ."

ಅಲ್ಲಿ ಏನಿದೆ ಅಂತ ಕೇಳಿ. ಒಂದು ಅಂಗಡಿ. ಅದರ ಮೂಲೆಯಲ್ಲೇ ಪೋಸ್ಟಾಫೀಸು. ಒಂದು ಚರ್ಚು, ಮನಸ್ಸು ಬಂದಾಗ ಬರುವ ಒಂದು ಬಸ್ಸು, ಸಮುದ್ರಕ್ಕೆ ಮುಖ ಮಾಡಿದ ಒಂದು ಬೆಂಚು. ಇಷ್ಟೇ! ನಮ್ಮಲ್ಲಿ ಏನಿಲ್ಲ? ದೇವಸ್ಥಾನವಿದೆ, ಮಾಲ್ ಇದೆ, ಬಗೆಬಗೆಯ ಸೋನಾ ಮಸೂರಿ ಸಿಗುವ ಇಂಡಿಯನ್ ಸ್ಟೋರ್ ಇದೆ, ಮನೆಗೆ ಮೂರು ಕಾರು ನಿಲ್ಲುವ ಗರಾಜಿದೆ. ವರ್ಷಗಟ್ಟಲೆ ದುಡಿದು ಕಟ್ಟಿಕೊಂಡದ್ದನ್ನೆಲ್ಲ ಒಂದು ಬೆಂಚು ಸೋಲಿಸಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

"ಅಲ್ಲಿ ನಾನೇ ಹೋಗಿ ಹಾಲು ತರ್ತಿದ್ದೆ ಕಣೋ," ಅಂದಳು ಅಮ್ಮ. "ಅಂಗಡಿಯವಳಿಗೆ ಕನ್ನಡ ಬರಲ್ಲ, ನಂಗೆ ಇಂಗ್ಲಿಷ್ ಬರಲ್ಲ. ಆದ್ರೂ ಅರ್ಧ ಗಂಟೆ ಮಾತಾಡ್ತಿದ್ವಿ. ಇಲ್ಲಿ ಒಂದು ಕಟ್ಟು ಕೊತ್ತಂಬರಿ ಬೇಕಂದ್ರೂ ನೀನು ಆಫೀಸಿಂದ ಬರೋವರ್ಗೂ ಕಿಟಕಿ ಹತ್ರ ಕಾಯ್ಬೇಕು. ನನ್ನ ಟಿಕೆಟ್ ಬದಲಾಯ್ಸು, ರಘು ಹತ್ರ ಹೋಗ್ತೀನಿ."

ಮೈಯೆಲ್ಲ ಉರಿದುಹೋಯಿತು. "ಇಲ್ಲೂ ನಡ್ಕೊಂಡೇ ಹೋಗ್ಬಹುದು, ಬಾ ತೋರಿಸ್ತೀನಿ," ಎಂದು ಶನಿವಾರ ಬೆಳಿಗ್ಗೆ ಅಮ್ಮನನ್ನು ಕೊತ್ತಂಬರಿಗೆ ಹೊರಡಿಸಿದೆ. ಸ್ಟೋರ್ ಒಂದೂವರೆ ಮೈಲಿ. ನಮ್ಮ ಬಡಾವಣೆ ದಾಟುತ್ತಿದ್ದಂತೆ ಕಾಲುದಾರಿ ಹುಲ್ಲಿನಲ್ಲಿ ಮುಗಿದುಹೋಯಿತು. ಆ ದಾರಿಯನ್ನು ಅಲ್ಲಿಗೇ ನಿಲ್ಲಿಸಿದ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ. ಹೆದ್ದಾರಿಯಂಥ ರಸ್ತೆಯ ಪಕ್ಕ, ಸೀರೆಯ ಮೇಲೆ ನನ್ನ ಜಾಕೆಟ್ ತೊಟ್ಟ ಅಮ್ಮ, ಬಟ್ಟೆಚೀಲ ಹಿಡಿದ ನಾನು. ನಮ್ಮ ಬೀದಿಗೆ ಹೊಸದಾಗಿ ಬಂದಿರುವ ಮೈಸೂರಿನ ಹುಡುಗಿ ಸುಮಾ ಗಾಬರಿಯಿಂದ ಕಾರು ನಿಲ್ಲಿಸಿದಳು.

"ಅಂಕಲ್, ಕಾರ್ ಕೆಟ್ಟೋಯ್ತಾ?"

"ಇಲ್ಲಮ್ಮ, ಸುಮ್ನೆ ನಡ್ಕೊಂಡು ಹೋಗ್ತಿದೀವಿ."

ಗಾಬರಿ ಇನ್ನೂ ಹೆಚ್ಚಾಯಿತು. ದನಿ ತಗ್ಗಿಸಿ, "ಮನೇಲಿ ಆಂಟಿ ಜೊತೆ ಏನಾದ್ರೂ..." ಎಂದಳು. ಅಷ್ಟರಲ್ಲಿ ಅಮ್ಮ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಮನೆಗೆ ಬಂದು ಟಿಕೆಟ್ ಬದಲಾಯಿಸಿದೆ. ಅಮ್ಮ ಹೋಗುತ್ತಾಳಲ್ಲ ಎಂದು ದುಃಖವಾಗಿತ್ತು. ದುಃಖವಾದಾಗ ಕೂಗಾಡುವುದು ನಮ್ಮ ಮನೆತನದ ಪದ್ಧತಿ, ಆದ್ದರಿಂದ ಹೆಂಡತಿಯ ಮೇಲೂ ಲ್ಯಾಪ್‌ಟಾಪಿನ ಮೇಲೂ ಕೂಗಾಡಿದೆ. ಕೊನೆಗೆ, ಆ ಊರಿನಲ್ಲಿ ಅಂಥಾದ್ದೇನಿದೆ ನೋಡಿಯೇ ಬಿಡೋಣ ಎಂದು ಎರಡು ವಾರಕ್ಕೆ ನನಗೂ ಒಂದು ಟಿಕೆಟ್ ತೆಗೆದು ರಘುಗೆ ಫೋನ್ ಮಾಡಿದೆ.

"ಬಾ ಅಣ್ಣ, ಅಮ್ಮನೇ ನಿಂಗೆ ಊರೆಲ್ಲ ತೋರಿಸ್ತಾಳೆ," ಎಂದು ಅವನು ಖುಷಿಪಟ್ಟ.

"ಅದಿರ್ಲಿ," ಅಂದೆ ನಾನು, "ಅಲ್ಲಿ ಪಾರ್ಕಿಂಗ್ ಸಿಗುತ್ತೇನೋ?"