ಹಾಸನದಿಂದ ಬರಬೇಕಿದ್ದ ಬಾಡಿಗೆದಾರರು

ಮನೆ ಬಾಡಿಗೆಗೆ ಕೊಡುವ ನನ್ನಂಥವರ ಕಷ್ಟ ಏನೆಂದರೆ, ಬಂದವರ ಜಾತಿಯನ್ನು ನೇರವಾಗಿ ಕೇಳುವ ಧೈರ್ಯ ನಮಗಿರುವುದಿಲ್ಲ, ಕೇಳದೆ ಸುಮ್ಮನಿರುವ ದೊಡ್ಡತನವೂ ಇರುವುದಿಲ್ಲ. ಹಾಗಾಗಿ ಸುತ್ತಿ ಬಳಸಿ ಕೇಳುತ್ತೇವೆ. ‘ಯಾವ ಕಡೆಯವರು?’ ಎಂದು ಶುರುಮಾಡಿ, ‘ಮನೆದೇವರು ಯಾವುದು?’ ಎಂದು ಮುಂದುವರಿದು, ‘ಹಬ್ಬಕ್ಕೆ ಮನೇಲಿ ಏನು ವಿಶೇಷ ಮಾಡ್ತೀರಿ?’ ಎಂಬಲ್ಲಿಗೆ ಬರುವಷ್ಟರಲ್ಲಿ ಎದುರಿಗಿದ್ದವರ ಮೂರು ತಲೆಮಾರಿನ ಅಡುಗೆಮನೆ ನಮ್ಮ ಕಣ್ಣಮುಂದೆ ಬಂದು ನಿಂತಿರುತ್ತದೆ. ಒಬ್ಬ ಹುಡುಗ ಮಾತ್ರ ಮನೆದೇವರ ಪ್ರಶ್ನೆಗೆ, “ಇಲ್ಲೀವರೆಗೂ ಪೀಜಿಲಿದ್ದೆ ಸಾರ್, ಅಲ್ಲಿ ಓನರ್ರೇ ದೇವ್ರು” ಎಂದುಬಿಟ್ಟ. ಅವನಿಗೆ ನಾನು ಮನೆ ಕೊಡಲಿಲ್ಲ. ಬಾಡಿಗೆಗೆ ಬರುವವರು ನಮಗಿಂತ ಚೆನ್ನಾಗಿ ಮಾತಾಡಬಾರದು ಎಂಬುದು ಮನೆ ಮಾಲೀಕರೆಲ್ಲರ ಒಳಗುಟ್ಟು.

ಇದನ್ನು ಹೇಳುತ್ತಿರುವ ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಮೇಷ್ಟ್ರಾಗಿದ್ದವನು. ‘ಸಮಾನತೆ’ ಎಂಬ ವಿಷಯದ ಮೇಲೆ ಎಷ್ಟು ಮಕ್ಕಳಿಂದ ಪ್ರಬಂಧ ಬರೆಸಿದ್ದೇನೋ ನನಗೇ ಗೊತ್ತಿಲ್ಲ. ಪೀಠಿಕೆ, ವಿವರಣೆ, ಉಪಸಂಹಾರ ಮೂರೂ ಇದ್ದು ಅಕ್ಷರ ದುಂಡಗಿದ್ದರೆ ಹತ್ತಕ್ಕೆ ಎಂಟು. ಮಕ್ಕಳು ಬರೆದದ್ದನ್ನು ನಂಬಿದ್ದರೋ ಇಲ್ಲವೋ ನಾನು ಕೇಳಿದವನಲ್ಲ, ಅವರೂ ನನ್ನನ್ನು ಕೇಳಲಿಲ್ಲ. ಹೀಗೆ ಎರಡೂ ಕಡೆಯಿಂದ ಮರ್ಯಾದೆಯಾಗಿ ನಡೆದುಕೊಂಡು ನಿವೃತ್ತನಾದೆ. ಆರ್‌ಪಿಸಿ ಲೇಔಟಿನಲ್ಲಿ ಕೆಳಗೊಂದು, ಮೇಲೊಂದು ಮನೆ ಕಟ್ಟಿಸಿ, ಕೆಳಗೆ ನಾನೂ ನನ್ನ ಹೆಂಡತಿ ವಿಶಾಲುವೂ ಇದ್ದೇವೆ. ಮೇಲಿನ ಮನೆ ಕಳೆದ ವರ್ಷ ಆಷಾಢಕ್ಕೆ ಸ್ವಲ್ಪ ಮುಂಚೆ ಖಾಲಿಯಾಯಿತು. ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡನ್ನು ಗೇಟಿಗೆ ಕಟ್ಟಿದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಿತ್ತು. ಜಾತಿಯ ವಿಷಯವನ್ನು ತರಕಾರಿಯ ಮೇಲೆ ಹಾಕಿಬಿಟ್ಟರೆ ನಾವು ಕೆಟ್ಟವರಾಗುವುದಿಲ್ಲ ನೋಡಿ.

ಬೋರ್ಡು ಕಟ್ಟಿದ ಮರುದಿನ ಬೆಳಿಗ್ಗೆ ಗೇಟಿನ ಬಳಿ ಪೇಪರ್ ಎತ್ತಿಕೊಳ್ಳುತ್ತಿದ್ದೆ. ನಮ್ಮ ರಸ್ತೆ ಗುಡಿಸುವ ಪೌರಕಾರ್ಮಿಕ ಹೆಂಗಸು ಪೊರಕೆ ನಿಲ್ಲಿಸಿ, “ಸಾರ್, ಮೇಲಿನ ಮನೆ ಖಾಲಿ ಇದೆಯಾ?” ಎಂದು ಕೇಳಿದರು. ಯಾರೋ ದಾರಿಹೋಕರಿಗಾಗಿ ವಿಚಾರಿಸುತ್ತಿರಬೇಕೆಂದುಕೊಂಡು, “ಇದೆಯಮ್ಮ, ಯಾರಿಗೆ?” ಎಂದೆ.

“ನಮಗೇ ಸಾರ್. ನನಗೂ ನನ್ನ ಮಗಳಿಗೂ. ಅವಳಿಗೆ ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಸಿಕ್ಕಿದೆ. ಸುಂಕದಕಟ್ಟೆ ಮನೇಲಿ ಮಳೆ ಬಂದ್ರೆ ನೀರು ಒಳಗೇ ಬರುತ್ತೆ.”

ಹನ್ನೊಂದು ವರ್ಷದಿಂದ ಆಕೆ ನಮ್ಮ ರಸ್ತೆ ಗುಡಿಸುತ್ತಿದ್ದಾರೆ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟಿದ್ದೇನೆ, ಚಳಿಗಾಲದಲ್ಲಿ ಹಳೆಯ ಸ್ವೆಟರ್ ಕೊಟ್ಟಿದ್ದೇನೆ. ಕೊಡುವಾಗಲೆಲ್ಲ ನಾನೆಷ್ಟು ಒಳ್ಳೆಯವನು ಎಂದು ನನಗೇ ಸಂತೋಷವಾಗುತ್ತಿತ್ತು. ಆದರೆ ಆಕೆ ಮೊದಲ ಬಾರಿಗೆ ಕೊಡುಗೆಯನ್ನಲ್ಲ, ಬಾಡಿಗೆಗೆ ಮನೆಯನ್ನು ಕೇಳಿದಾಗ ನನ್ನ ಬಾಯಿ ತಾನಾಗಿಯೇ ತೆರೆದುಕೊಂಡು, “ಅಯ್ಯೋ, ನಿನ್ನೆ ಸಾಯಂಕಾಲ ತಾನೇ ಮಾತಾಗಿಬಿಡ್ತಲ್ಲಮ್ಮ” ಎಂದಿತು. ಆಕೆ ಬೋರ್ಡು ನೋಡಿದರು. ನಾನೂ ನೋಡಿದೆ. “ಬಿಚ್ಚಬೇಕು, ಮಂಡಿನೋವು” ಎಂದೆ. ಬೋರ್ಡು ಎದೆಯೆತ್ತರದಲ್ಲಿತ್ತು. ಅದನ್ನು ಬಿಚ್ಚಲು ಮಂಡಿಯ ಅಗತ್ಯವೇ ಇರಲಿಲ್ಲ.

“ಅದಕ್ಕೇನು ಸಾರ್” ಎಂದು ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, ಎರಡೂ ಕಡೆಯ ದಾರ ಬಿಚ್ಚಿ, ಬೋರ್ಡಿನ ಧೂಳು ಒರೆಸಿ ನನ್ನ ಕೈಗೆ ಕೊಟ್ಟರು. “ಇದು ಹಿಂಗೇ ಇದ್ರೆ ಜನ ಸುಮ್ನೆ ಬಂದು ಬೆಲ್ ಮಾಡ್ತಾರೆ. ಎಲ್ಲಿಯೋರು ಸಾರ್ ಬರೋರು?”

“ಹಾಸನ” ಎಂದೆ. ಯಾಕೆ ಹಾಸನ ಎಂದು ಇವತ್ತಿಗೂ ಗೊತ್ತಿಲ್ಲ. ಅಲ್ಲಿ ನನಗೆ ಯಾರೂ ಇಲ್ಲ.

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಮರುದಿನದಿಂದ ಆಕೆ ದಿನಾ ಬೆಳಿಗ್ಗೆ, “ಬಂದ್ರಾ ಸಾರ್ ಹಾಸನದೋರು?” ಎಂದು ಕೇಳತೊಡಗಿದರು. ಆಷಾಢ ಕಳೆಯಲಿ ಅಂತಿದ್ದಾರೆ ಎಂದೆ. ಎಷ್ಟು ಜನ ಎಂದರು. ಗಂಡ, ಹೆಂಡತಿ, ಒಂದು ಹೆಣ್ಣುಮಗು ಎಂದೆ. ಒಂದು ವಾರದಲ್ಲಿ ಆ ಮಗುವಿಗೆ ನಾಲ್ಕು ವರ್ಷ ತುಂಬಿತು, ಗಂಡನಿಗೆ ಮಾಗಡಿ ರಸ್ತೆಗೆ ವರ್ಗವಾಯಿತು, ಹೆಂಡತಿಗೆ ಹೆರಿಗೆಯೂ ಹತ್ತಿರ ಬಂತು. “ಪಾಪ, ಬಸುರಿ ಹೆಂಗ್ಸು, ಮೇಲಿನ ಮನೆ ಮೆಟ್ಟಿಲು ಹತ್ತೋದು ಕಷ್ಟ ಅಲ್ವಾ ಸಾರ್?” ಎಂದು ಆಕೆ ಕೇಳಿದ ದಿನ ನಾನು ನಿಜವಾಗಿಯೂ ಚಿಂತೆಗೆ ಬಿದ್ದೆ. ಇನ್ನೊಂದು ಬೆಳಿಗ್ಗೆ ಎದುರಿನ ಅಂಗಡಿಯವನಿಗೆ, “ಇಲ್ಲಿ ಕಸ ಹಾಕ್ಬೇಡಣ್ಣ, ಮಗು ಇರೋರು ಬರ್ತಾ ಇದಾರೆ” ಎಂದು ಆಕೆ ಗದರಿಸುತ್ತಿದ್ದದ್ದು ಕೇಳಿ, ಹಾಸಿಗೆಯಲ್ಲೇ ಮುಸುಕು ಎಳೆದುಕೊಂಡೆ.

ಬಾಡಿಗೆದಾರರೂ ಬೇಕಲ್ಲ! ಆಕೆ ನಮ್ಮ ರಸ್ತೆ ಮುಗಿಸಿ ಹೋಗುವುದು ಹತ್ತು ಗಂಟೆಗೆ. ಹತ್ತೂವರೆಗೆ ನಾನು ಬೋರ್ಡು ಕಟ್ಟುತ್ತಿದ್ದೆ, ಸಂಜೆ ಬಿಚ್ಚಿ ಒಳಗಿಡುತ್ತಿದ್ದೆ. “ಏನ್ ಮೇಷ್ಟ್ರೇ, ಅಂಗಡಿ ಬಾಗಿಲು ತೆಗ್ದಂಗೆ ದಿನಾ ತೆಗೀತೀರಿ, ಹಾಕ್ತೀರಿ?” ಎಂದು ಪಕ್ಕದ ಮನೆಯವರು ಕೇಳಿದರು. ಬಿಸಿಲಿಗೆ ಬಣ್ಣ ಹೋಗುತ್ತೆ ಎಂದೆ. ಆಷಾಢದ ಮೋಡದಲ್ಲಿ ಬಿಸಿಲೇ ಇರಲಿಲ್ಲ. ಬಂದು ನೋಡಿದವರಲ್ಲಿ ಒಬ್ಬರಿಗೂ ನನಗೂ ಹೊಂದಲಿಲ್ಲ. ವಿಶಾಲುವಿಗೆ ಈ ನಾಟಕದ ಗಂಧವೇ ಇರಲಿಲ್ಲ. ವಯಸ್ಸಾಯಿತಲ್ಲ, ಏನೋ ಹೊಸ ಹವ್ಯಾಸ ಎಂದುಕೊಂಡಿದ್ದಳು.

ಶ್ರಾವಣ ಬಂತು. ಒಂದು ದಿನ ಮಧ್ಯಾಹ್ನ ಜೋರು ಗಾಳಿ ಮಳೆಯಾಗಿ ನಮ್ಮ ಬೀದಿಯ ಕೊನೆಯಲ್ಲಿ ಮರದ ಕೊಂಬೆ ಮುರಿದುಬಿತ್ತು. ಮಳೆ ನಿಂತ ಮೇಲೆ, ಒಳಗಿಟ್ಟಿದ್ದ ಬೋರ್ಡು ತಂದು ಮತ್ತೆ ಕಟ್ಟುತ್ತಿದ್ದೆ. ಹಿಂದಿನಿಂದ, “ಸಾರ್?” ಎಂದಿತು ಪರಿಚಯದ ದನಿ. ಕೊಂಬೆ ಬಿದ್ದ ಕಸ ಎತ್ತಲು ಆಕೆಯನ್ನು ಮಧ್ಯಾಹ್ನವೂ ಕರೆಸಿದ್ದರು. ಹಸಿರು ಕೋಟಿನ ತುಂಬ ಒದ್ದೆ ಎಲೆಗಳು. “ಹಾಸನದೋರು ಬರಲ್ವಾ ಸಾರ್?”

ಅದೇ ಹೊತ್ತಿಗೆ ವಿಶಾಲು ಕೈಯಲ್ಲಿ ಕಾಫಿ ಹಿಡಿದು ಬಾಗಿಲಿಗೆ ಬಂದಳು. “ಯಾವ ಹಾಸನದೋರು?” ಎಂದಳು.

ಮೂವತ್ತೊಂದು ವರ್ಷ ಮಕ್ಕಳ ಮುಂದೆ ನಿಂತು ಮಾತಾಡಿದವನು ಬೋರ್ಡಿನ ದಾರವನ್ನು ಬೆರಳಿಗೆ ಸುತ್ತತೊಡಗಿದೆ. ಆಕೆ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿದ್ದ ದಾರ ನೋಡಿದರು. ಆಮೇಲೆ ವಿಶಾಲುವಿನ ಕಡೆ ತಿರುಗಿ, “ಏನಿಲ್ಲ ಅಮ್ಮಾ, ಯಾರೋ ಬರ್ತೀವಿ ಅಂತ ಹೇಳಿ ಕೈ ಕೊಟ್ಟವ್ರೆ. ಪಾಪ, ಸಾರ್ ಒಂದು ತಿಂಗಳಿಂದ ದಾರಿ ಕಾಯ್ತಾ ಇದ್ರು” ಎಂದರು. ಎಂದು, ತಳ್ಳುಗಾಡಿ ತಳ್ಳಿಕೊಂಡು ಕೊಂಬೆ ಬಿದ್ದ ಕಡೆಗೆ ಹೋದರು.

ನನ್ನ ಹೆಂಡತಿಯ ಮುಂದೆ ನನ್ನ ಮಾನ ಉಳಿಸಿದ್ದು, ಯಾರ ಮಾನವನ್ನು ನಾನು ಉಳಿಸಲಿಲ್ಲವೋ ಅವರು. ವಿಶಾಲುವಿಗೆ ಎಲ್ಲವನ್ನೂ ಹೇಳಿದೆ, ಹಾಸನದ ಮಗುವಿನ ವಯಸ್ಸಿನ ಸಮೇತ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ನಾನಾಗಿದ್ರೂ ಮನೆ ಇಲ್ಲ ಅಂತಿದ್ನೋ ಏನೋ ರೀ, ಸುಳ್ಯಾಕೆ ಹೇಳಲಿ” ಎಂದಳು ಕೊನೆಗೆ. “ಆದ್ರೆ ಬೋರ್ಡನ್ನ ಅವರ ಕೈಲೇ ಬಿಚ್ಚಿಸ್ತಿರಲಿಲ್ಲ.” ಆಮೇಲೆ, “ಅವರ ಹೆಸರೇನು?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹಾಸನದ ಆ ಮಗುವಿಗೆ ಮಾತ್ರ ಸಿಂಚನಾ ಎಂದು ಹೆಸರಿಟ್ಟಿದ್ದೆ.

ಮರುದಿನ ಬೆಳಿಗ್ಗೆ ವಿಶಾಲುವೇ ಗೇಟಿನ ಬಳಿ ನಿಂತು ಹೆಸರು ಕೇಳಿದಳು. ನರಸಮ್ಮ. ಭಾನುವಾರ ಮಗಳನ್ನೂ ಕರೆದುಕೊಂಡು ಬಂದು ಮನೆ ನೋಡಿ ಎಂದಳು. “ನೋಡ್ತೀವಿ ಅಮ್ಮಾ” ಎಂದರು ನರಸಮ್ಮ. ‘ಬರ್ತೀವಿ’ ಎನ್ನಲಿಲ್ಲ, ‘ನೋಡ್ತೀವಿ’ ಎಂದರು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಭಾನುವಾರ ಬೆಲ್ಲಾಯಿತು. ನೇರಳೆ ಬಣ್ಣದ ಸೀರೆಯುಟ್ಟು, ಹೂ ಮುಡಿದು, ನೆಟ್ಟಗೆ ನಿಂತಿದ್ದ ಹೆಂಗಸೊಬ್ಬರು. “ಯಾರು ಬೇಕಿತ್ತು?” ಎಂದೆ. “ನಾನೇ ಸಾರ್” ಎಂದು ನಕ್ಕರು. ಹನ್ನೊಂದು ವರ್ಷದಿಂದ ನಾನು ಬಲ್ಲವನಾಗಿದ್ದದ್ದು ಒಂದು ಹಸಿರು ಕೋಟನ್ನು ಮಾತ್ರ ಎಂದು ಆಗ ಗೊತ್ತಾಯಿತು. “ಬನ್ನಿ, ಬನ್ನಿ” ಎಂದೆ. ಇಷ್ಟು ದಿನ ‘ಬಾಮ್ಮ’ ಎನ್ನುತ್ತಿದ್ದ ಬಾಯಿಗೆ ಬಹುವಚನ ತಾನಾಗಿ ಬಂತು. ಸೀರೆಗೆ ಬಂತೋ, ನಾಚಿಕೆಗೆ ಬಂತೋ, ಹೇಳಲಾರೆ. ಮಗಳು ಅನಿತಾ ನನ್ನನ್ನು, “ಅಂಕಲ್, ನೀರು ದಿನಾ ಬರುತ್ತಾ?” ಎಂದು ಕೇಳುತ್ತಲೇ ಮೆಟ್ಟಿಲು ಹತ್ತಿದಳು. “ಸಾರ್ ಅನ್ನೇ” ಎಂದು ತಾಯಿ ಮೆಲ್ಲಗೆ ಚಿವುಟಿದರು. “ಅಂಕಲ್ಲೇ ಸರಿ” ಎಂದೆ. ‘ಸಾರ್’ನಿಂದ ‘ಅಂಕಲ್’ವರೆಗೆ ಬರಲು ಆ ತಾಯಿ ಎಷ್ಟು ರಸ್ತೆ ಗುಡಿಸಿರಬೇಕು ಎಂದು ಮನಸ್ಸು ಲೆಕ್ಕ ಹಾಕಲು ಹೋಗಿ ಸುಮ್ಮನಾಯಿತು.

ಅನಿತಾ ಕಿಟಕಿ ತೆಗೆದಳು, ನಲ್ಲಿ ತಿರುಗಿಸಿದಳು, ಬಚ್ಚಲ ಗೋಡೆಯ ಮೇಲೆ ಅಂಗೈಯಿಟ್ಟು ತೇವ ನೋಡಿದಳು. ನಾನು ಹಿಂದೆ ಹಿಂದೆ ಪರೀಕ್ಷೆ ಬರೆದ ವಿದ್ಯಾರ್ಥಿಯ ಹಾಗೆ ನಡೆಯುತ್ತಿದ್ದೆ. “ಅಡುಗೆಮನೆ ಕತ್ತಲೆ ಅಂಕಲ್. ಹೇರೋಹಳ್ಳೀಲಿ ಒಂದು ನೋಡಿದೀವಿ, ಬೆಳಕು ಚೆನ್ನಾಗಿದೆ” ಎಂದಳು. ನರಸಮ್ಮನವರೂ ತಲೆಯಾಡಿಸಿದರು. “ಬೇಜಾರ್ ಮಾಡ್ಕೋಬೇಡಿ ಅಮ್ಮಾ. ಮನೆ ಚೆನ್ನಾಗಿದೆ. ಆದ್ರೆ ಅವತ್ತು ಕೇಳುವಾಗ ಹೊಳೀಲಿಲ್ಲ, ನಾನು ಗುಡಿಸೋ ರಸ್ತೇಲೇ ಮನೆ ಮಾಡಿದ್ರೆ, ರಜಾ ದಿನಾನೂ ಕಸಾನೇ ಕಣ್ಣಿಗೆ ಬೀಳುತ್ತೆ. ಆಫೀಸಲ್ಲೇ ಮಲಗಿದಂಗೆ. ಹೇರೋಹಳ್ಳಿ ರಸ್ತೆ ಪೂರ್ತಿ ಗುಂಡಿ ಇದೆ, ಆದ್ರೆ ಅದನ್ನ ಗುಡಿಸೋರು ಬೇರೆ” ಎಂದರು.

ನನಗೆ ಮೊದಲು ಆದದ್ದು ನಿರಾಳ. ಒಪ್ಪಿಕೊಳ್ಳುತ್ತೇನೆ. ಅದರ ಬೆನ್ನಿಗೇ ಆದದ್ದು ಅವಮಾನ. ಕೊಡಲು ಮನಸ್ಸಿಲ್ಲದೆ ಒಂದು ತಿಂಗಳು ಒದ್ದಾಡಿದ ಮನೆಯನ್ನು ಬೇಡ ಎಂದರೆ ಹೇಗೆ! ಅಡುಗೆಮನೆಗೆ ಇನ್ನೊಂದು ಲೈಟು ಹಾಕಿಸುತ್ತೇನೆ ಎಂದೆ. ಸುಣ್ಣ ಬಳಿಸುತ್ತೇನೆ ಎಂದೆ. ಕೊನೆಗೆ ಹಿತ್ತಲ ಮರದ ತೆಂಗಿನಕಾಯಿ ನೀವೇ ಕಿತ್ತುಕೊಳ್ಳಬಹುದು ಎಂದೆ. “ಬಿಡ್ರೀ” ಎಂದು ವಿಶಾಲು ನನ್ನ ತೋಳು ಹಿಡಿದಳು.

ಕೆಳಗೆ ಬಂದು ಸೋಫಾದಲ್ಲಿ ಕೂತು ಕಾಫಿ ಕುಡಿಯುವಾಗ ಧೈರ್ಯ ಮಾಡಿದೆ. “ನರಸಮ್ಮನೋರೇ, ಅವತ್ತು ನಾನು ಹೇಳಿದ್ದು...”

“ಗೊತ್ತು ಸಾರ್. ಬೋರ್ಡ್ ಬಿಚ್ಚುವಾಗ್ಲೇ ಗೊತ್ತಿತ್ತು.”

“ಮತ್ತೆ ದಿನಾ ಕೇಳ್ತಿದ್ರಲ್ಲ, ಹಾಸನದೋರು ಬಂದ್ರಾ ಅಂತ?”

ಅವರು ಸೆರಗು ಬಾಯಿಗೆ ಅಡ್ಡ ಹಿಡಿದರು. “ದಿನಾ ಗುಡಿಸೋರಿಗೆ ಒಂದು ನಗು ಬೇಕಲ್ವಾ ಸಾರ್. ಮನೆಗೆ ಹೋಗಿ ಇವಳಿಗೆ ಹೇಳ್ತಿದ್ದೆ, ಇವತ್ತು ಆ ಹೆಂಗ್ಸು ಬಸುರಿಯಾದ್ಳು ಕಣೇ ಅಂತ.” ಅನಿತಾ ಕಾಫಿ ಚೆಲ್ಲಿಕೊಂಡು ನಕ್ಕಳು. ವಿಶಾಲುವೂ ನಕ್ಕಳು. ನರಸಮ್ಮ ನಗು ನಿಲ್ಲಿಸಿ, “ನಿಮ್ದು ಒಂಬತ್ತನೇ ಮನೆ ಸಾರ್. ಎಲ್ಲಾ ಕಡೆನೂ ಕೋಟು ಹಾಕ್ಕೊಂಡೇ ಕೇಳ್ದೆ. ಸೀರೆ ನೋಡಿ ಮನೆ ಕೊಟ್ಟು, ಆಮೇಲೆ ಕೋಟು ನೋಡಿ ಖಾಲಿ ಮಾಡಿ ಅನ್ನೋದಕ್ಕಿಂತ, ಮೊದ್ಲೇ ಇಲ್ಲ ಅನ್ಲಿ ಅಂತ. ಹೇರೋಹಳ್ಳಿ ಓನರ್ ಕೋಟು ನೋಡಿನೇ, ಬೆಳಿಗ್ಗೆ ಎಷ್ಟೊತ್ತಿಗೆ ಹೋಗ್ತೀರಾ, ಗೇಟ್ ಬೀಗ ತೆಗೆದಿಡ್ತೀನಿ ಅಂದ್ರು” ಎಂದರು.

ನಾನು ಬಂದವರ ಮನೆದೇವರನ್ನು ಕೇಳಿ ಕೇಳಿ ತಿಳಿಯಲು ಹೆಣಗುತ್ತಿದ್ದದ್ದನ್ನು ಈ ಹೆಂಗಸು ಮೈಮೇಲೆ ಹಾಕಿಕೊಂಡೇ ಒಂಬತ್ತು ಬಾಗಿಲು ತಟ್ಟಿದ್ದರು. ಅಷ್ಟು ಎದೆಗಾರಿಕೆ ನನಗಿದ್ದಿದ್ದರೆ ನಾನು ಮೇಷ್ಟ್ರಾಗುತ್ತಿರಲಿಲ್ಲ, ಇನ್ನೇನೋ ಆಗಿರುತ್ತಿದ್ದೆ.

ಅವರು ಹೇರೋಹಳ್ಳಿಗೆ ಹೋಗಿ ಹಾಲುಕ್ಕಿಸಿದರು. ನಾವೂ ಹೋಗಿ ಉಂಡು ಬಂದೆವು. ಅಡುಗೆಮನೆಯಲ್ಲಿ ನಿಜಕ್ಕೂ ಬೆಳಕು ಚೆನ್ನಾಗಿತ್ತು. ಅದಾಗಿ ಎರಡು ವಾರಕ್ಕೆ ನಮ್ಮ ಮನೆಗೆ ಒಬ್ಬಳು ಹುಡುಗಿ ಬಂದಳು. ಅನಿತಾಳ ಆಸ್ಪತ್ರೆಯಲ್ಲಿ ನರ್ಸು, ಮಣಿಪುರದವಳು, ಹೆಸರು ಥೋಯಿ. ಕನ್ನಡವನ್ನು ಅವಳು ರೋಗಿಗಳಿಂದ ಕಲಿತಿದ್ದಳು, ಹಾಗಾಗಿ ಅವಳ ವಾಕ್ಯಗಳೆಲ್ಲ ಇಂಜೆಕ್ಷನ್ ಕೊಡುವ ಮುಂಚೆ ಹೇಳುವ ಹಾಗೆ ಚಿಕ್ಕಚಿಕ್ಕದಾಗಿದ್ದವು. ಆರ್‌ಪಿಸಿ ಲೇಔಟ್ ಪೂರ್ತಿ ಸುತ್ತಿದ್ದಳಂತೆ. ಮುಖ ನೋಡಿದ ಕೂಡಲೇ ಮನೆ ಇಲ್ಲ ಎನ್ನುತ್ತಿದ್ದರಂತೆ. ಕೊನೆಗೆ ನರಸಮ್ಮನವರೇ ಇಲ್ಲಿಗೆ ಕಳಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ವಿಶಾಲು, “ಮೀನು ಹುರಿಯೋವಾಗ ಕಿಟಕಿ ತೆಗೆದಿಡಮ್ಮ, ಸಾಕು” ಎಂದಳು. ನಾನು ಯಾವ ಕಡೆಯವರೆಂದೂ ಕೇಳಲಿಲ್ಲ, ಮನೆದೇವರನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ. “ನರಸಮ್ಮನೋರು ನನ್ನ ಬಗ್ಗೆ ಏನು ಹೇಳಿದ್ರು?”

ಥೋಯಿ ಸ್ವಲ್ಪ ಯೋಚಿಸಿ, ಕೇಳಿಸಿಕೊಂಡದ್ದನ್ನು ನೆನಪಿಸಿಕೊಂಡು ಒಪ್ಪಿಸಿದಳು. “ಓನರ್ ಸ್ವಲ್ಪ ಸುಳ್ಳು ಹೇಳ್ತಾರೆ. ಆದ್ರೆ ಸುಳ್ಳು ಹೇಳೋಕೆ ಬರಲ್ಲ. ಹೆದರ್ಕೋಬೇಡ. ಹೋಗು.”

ಹಾಗೇನಿಲ್ಲ ಎಂದು ಹೇಳಬೇಕೆನಿಸಿತು. ಆದರೆ ಅದನ್ನೂ ಯಾರಾದರೂ ನಂಬುವ ಹಾಗೆ ಹೇಳಲು ನನ್ನಿಂದಾಗುವುದಿಲ್ಲ ಎಂದು ಗೊತ್ತಿದ್ದರಿಂದ, ಸುಮ್ಮನೆ ಒಳಗೆ ಹೋಗಿ ಮೇಲಿನ ಮನೆಯ ಬೀಗದಕೈ ತಂದುಕೊಟ್ಟೆ.